ಎರಡು ವರ್ಷದ ಕಾಮಗಾರಿ, ಯಾರ ಉಸಿರಿನ ಲೆಕ್ಕ?

ಬಡಾವಣೆ, ಗೋದಾಮು, ವಾಣಿಜ್ಯ ಸಂಕೀರ್ಣ ಹೀಗೆ ಯಾವ ಯೋಜನೆಯ ಪರಿಸರ ವರದಿ ಮೇಜಿಗೆ ಬಂದರೂ ನಾನು ಮೊದಲು ತೆರೆಯುವುದು ನಕ್ಷೆಯನ್ನು. ಶಿಶುವಿಹಾರ, ಶಾಲೆ, ಆಸ್ಪತ್ರೆ ಎಲ್ಲಿವೆ? ಡೀಸೆಲ್ ಜನರೇಟರ್ ಎಲ್ಲಿ ನಿಲ್ಲುತ್ತದೆ? ಗಾಳಿ ಯಾವ ಕಡೆಗೆ ಬೀಸುತ್ತದೆ? ಈ ಮೂರನ್ನೂ ಒಂದೇ ಹಾಳೆಯಲ್ಲಿ ತೋರಿಸದ ವರದಿ ಎಷ್ಟೇ ದಪ್ಪಗಿದ್ದರೂ ನನಗೆ ಭರವಸೆ ಹುಟ್ಟುವುದಿಲ್ಲ.

ನಿರ್ಮಾಣ ಹಂತದ ಮಾಲಿನ್ಯ ತಾತ್ಕಾಲಿಕ, ಹಾಗಾಗಿ ಅದನ್ನು ಗಣನೆಗೆ ತೆಗೆದುಕೊಳ್ಳಬೇಕಿಲ್ಲ ಎಂಬ ಮಾತು ಇಂಥ ವರದಿಗಳಲ್ಲಿ ಪದೇ ಪದೇ ಸಿಗುತ್ತದೆ. ಈ ತರ್ಕವನ್ನು ನಾನು ಒಪ್ಪುವುದಿಲ್ಲ. ಕಾಮಗಾರಿ ಎರಡು ವರ್ಷದ್ದೇ ಇರಬಹುದು. ಪಕ್ಕದ ಮನೆಯಲ್ಲಿ ಆಗಷ್ಟೇ ಹುಟ್ಟಿದ ಮಗುವಿಗೆ ಅದು ಆವರೆಗಿನ ಇಡೀ ಆಯುಷ್ಯ.

ಕ್ಯಾಲಿಫೋರ್ನಿಯಾ 2015ರಲ್ಲಿ ಹೊರತಂದ ಆರೋಗ್ಯ ಅಪಾಯ ಮಾರ್ಗಸೂಚಿಯ ವಿಧಾನದಲ್ಲಿ ಒಂದು ಲೆಕ್ಕ ಹಾಕಿ ನೋಡೋಣ. ಅಗೆಯುವ ಯಂತ್ರ, ಟಿಪ್ಪರ್, ಜನರೇಟರ್‌ಗಳ ಹೊಗೆಯಿಂದ ಮನೆಯಂಗಳದಲ್ಲಿ ಪ್ರತಿ ಘನ ಮೀಟರ್ ಗಾಳಿಗೆ ಸರಾಸರಿ 0.1 ಮೈಕ್ರೋಗ್ರಾಂ ಡೀಸೆಲ್ ಕಣಗಳು ಎರಡು ವರ್ಷ ಇರುತ್ತವೆ ಎಂದುಕೊಳ್ಳಿ. ಬರಿಗಣ್ಣಿಗೆ ಏನೂ ಕಾಣದಷ್ಟು ಕಡಿಮೆ. ಎರಡು ವರ್ಷದೊಳಗಿನ ಮಗು ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1,090 ಲೀಟರ್ ಗಾಳಿ ಎಳೆದುಕೊಳ್ಳುತ್ತದೆ ಎಂದು ಆ ಮಾರ್ಗಸೂಚಿ ಹಿಡಿಯುತ್ತದೆ. 16ರಿಂದ 30ರ ವಯಸ್ಸಿನವರಿಗೆ 335 ಲೀಟರ್. ಇದರ ಮೇಲೆ, ಎಳೆಯ ಜೀವಕೋಶಗಳು ಹೆಚ್ಚು ಸೂಕ್ಷ್ಮವೆಂದು ಮಗುವಿನ ಅಪಾಯವನ್ನು ಹತ್ತರಿಂದ ಗುಣಿಸಬೇಕು. ಆಗ ಜೀವಿತಾವಧಿಯ ಹೆಚ್ಚುವರಿ ಕ್ಯಾನ್ಸರ್ ಅಪಾಯ ವಯಸ್ಕರಿಗೆ ಹತ್ತು ಲಕ್ಷಕ್ಕೆ ಸುಮಾರು ಒಂದು, ಮಗುವಿಗೆ ಸುಮಾರು 33. ಅಲ್ಲಿನ ಹಲವು ವಾಯು ಗುಣಮಟ್ಟ ಪ್ರಾಧಿಕಾರಗಳು ಗಂಭೀರವೆಂದು ಎಣಿಸುವ ಮಿತಿ ಹತ್ತು ಲಕ್ಷಕ್ಕೆ 10. ಗಾಳಿ ಅದೇ, ಅವಧಿ ಅದೇ. ವಯಸ್ಕರನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಯೋಜನೆ ಪಾಸು, ಮಗುವನ್ನು ತೆಗೆದುಕೊಂಡರೆ ಫೇಲು.

ಇಂಥ ಮಗುವಿಗೆ ಕಾಯಿಲೆ ಬಂದೇ ಬರುತ್ತದೆ ಎಂದು ಇದರ ಅರ್ಥವಲ್ಲ. ಬೇಕೆಂದೇ ಎಚ್ಚರಿಕೆಯ ಕಡೆಗೆ ವಾಲಿಸಿದ, ಯೋಜನೆಗಳನ್ನು ತೂಗಿ ನೋಡಲು ಮಾಡಿದ ಅಂದಾಜು ಅದು. ಆದರೆ ಡೀಸೆಲ್ ಹೊಗೆಯ ವಿಚಾರದಲ್ಲಿ ಅನುಮಾನಕ್ಕೆ ಎಡೆಯಿಲ್ಲ: ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಅದನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದೆ.

ಕ್ಯಾನ್ಸರ್ ಸಂಖ್ಯೆಯೊಂದನ್ನೇ ಹಿಡಿದು ಕೂರುವುದೂ ಸರಿಯಲ್ಲ. ಪಿಎಂ 2.5, ಅಂದರೆ 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಸಣ್ಣ ಕಣಗಳಿಂದ ಹೃದಯಕ್ಕೆ, ಶ್ವಾಸಕೋಶಕ್ಕೆ ಆಗುವ ಹಾನಿ ಅದರೊಳಗೆ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಈ ಕಣಗಳ ವಾರ್ಷಿಕ ಮಾರ್ಗಸೂಚಿ ಮಟ್ಟವನ್ನು 10ರಿಂದ 5 ಮೈಕ್ರೋಗ್ರಾಂಗೆ ಇಳಿಸಿತು. ಇದಕ್ಕಿಂತ ಕೆಳಗಿದ್ದರೆ ಪೂರ್ತಿ ಸುರಕ್ಷಿತ ಎನ್ನಬಹುದಾದ ಗೆರೆ ಈವರೆಗೆ ಸಿಕ್ಕಿಲ್ಲ. ಹಳೆಯ ಕಟ್ಟಡ ಕೆಡವುವುದಿದ್ದರೆ ಕಲ್ನಾರು (ಆಸ್ಬೆಸ್ಟಾಸ್), ಕಾಂಕ್ರೀಟ್ ಕತ್ತರಿಸುವುದಿದ್ದರೆ ಸಿಲಿಕಾ ದೂಳು ಪ್ರತ್ಯೇಕ ಲೆಕ್ಕ.

ವರದಿಗಾಗಿ ಈಗಿನ ಗಾಳಿ ಹೇಗಿದೆ ಎಂದು ಅಳೆದ ತಿಂಗಳು ಯಾವುದು ಎಂದೂ ನೋಡಿ. ಮಳೆ ಕಣಗಳನ್ನು ತೊಳೆದುಹಾಕಿದ ಮೇಲೆ ಅಳೆದರೆ ಯಾವ ಊರಿನ ಗಾಳಿಯಾದರೂ ಚೊಕ್ಕಟವೇ. ಇನ್ನು ಅಕ್ಕಪಕ್ಕದ ನಾಲ್ಕು ಕಾಮಗಾರಿಗಳು ತಂತಮ್ಮ ಪಾಲು ಅತ್ಯಲ್ಪ ಎಂದು ಬರೆದುಕೊಂಡು ಕೈತೊಳೆದುಕೊಳ್ಳುತ್ತವೆ. ನಡುವಿನ ಮನೆಯವರು ಉಸಿರಾಡುವುದು ನಾಲ್ಕರ ಮೊತ್ತವನ್ನು.

ಪರಿಹಾರವೆಂದರೆ ನೀರಿನ ಟ್ಯಾಂಕರ್ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ನೀರು ಚಿಮುಕಿಸಿದರೆ ಮಣ್ಣಿನ ದೂಳು ಅಡಗುತ್ತದೆ, ಅದು ಬೇಕೇ ಬೇಕು. ಆದರೆ ಒಂದು ಮೈಕ್ರೋಮೀಟರ್‌ಗಿಂತಲೂ ಸಣ್ಣದಾಗಿ ಎಂಜಿನ್ ಕೊಳವೆಯಿಂದ ಹೊರಡುವ ಡೀಸೆಲ್ ಕಣಗಳಿಗೆ ನೆಲ ಒದ್ದೆಯಾದರೇನು, ಒಣಗಿದ್ದರೇನು? ಹೊಗೆಯ ಸಮಸ್ಯೆಗೆ ಟ್ಯಾಂಕರ್ ತೋರಿಸುವುದು ಮೂಗಿಗೆ ತುಪ್ಪ ಸವರಿದಂತೆ. ಕಣಶೋಧಕ ಇರುವ ಹೊಸ ಎಂಜಿನ್, ಜನರೇಟರ್ ಬದಲು ವಿದ್ಯುತ್ ಸಂಪರ್ಕ, ಸುಮ್ಮನೆ ನಿಂತ ಲಾರಿಯ ಎಂಜಿನ್ ಆರಿಸುವ ನಿಯಮ, ಇವು ಲೆಕ್ಕವನ್ನು ನಿಜವಾಗಿ ಇಳಿಸುತ್ತವೆ. ಅನುಮತಿ ಪತ್ರದಲ್ಲಿ 'ಸಾಧ್ಯವಾದಲ್ಲಿ' ಎಂದು ಸೇರಿಸಿದರೆ ಇವು ಯಾವುವೂ ನಡೆಯುವುದಿಲ್ಲ. ಯಾವ ದರ್ಜೆಯ ಎಂಜಿನ್, ಶಿಶುವಿಹಾರದಿಂದ ಎಷ್ಟು ದೂರ, ತಪಾಸಣೆ ಯಾರದು ಎಂಬುದನ್ನು ಷರತ್ತಿನಲ್ಲೇ ಬರೆಸಿಕೊಳ್ಳಬೇಕು. ಅದಕ್ಕೆ ಸಮಯವಿರುವುದು ಮೊದಲ ಯಂತ್ರ ಸ್ಥಳಕ್ಕೆ ಬರುವ ಮುನ್ನ ಮಾತ್ರ.