ಇಬ್ಬರಿಗೊಂದು ದುರ್ಬೀನು, ನಾಲ್ಕು ಮೊಣಕಾಲು

ನಲವತ್ತು ದಾಟಿದವರ ಮೂಗಿನ ಮೇಲೆ ಏರುವ ಕನ್ನಡಕಕ್ಕೆ ನಮ್ಮ ಕಡೆ ಚಾಳೀಸು ಅನ್ನುತ್ತಾರೆ. ನಲವತ್ತಕ್ಕೆ ಬರುವುದಕ್ಕೇ ಆ ಹೆಸರು. ಕಣ್ಣೊಳಗಿನ ಮಸೂರ ವರ್ಷ ಕಳೆದಂತೆ ಬಿರುಸಾಗುತ್ತದೆ, ಹತ್ತಿರದ್ದನ್ನು ನೋಡುವಾಗ ಉಬ್ಬಬೇಕಾದಷ್ಟು ಉಬ್ಬುವುದಿಲ್ಲ. ಪೇಪರನ್ನು ತೋಳುದ್ದ ದೂರ ಹಿಡಿದು ಓದುವುದು ಅದಕ್ಕೇ. ಆದರೆ ಈ ಬಿರುಸು ದೂರದ ನೋಟವನ್ನು ಕೆಡಿಸುವುದಿಲ್ಲ. ಕೆರೆಯ ಆಚೆ ದಂಡೆಯಲ್ಲಿ ಕೂತ ಹಕ್ಕಿಯ ಮಟ್ಟಿಗೆ ಐವತ್ತರ ಕಣ್ಣಿಗೆ ಚಾಳೀಸಿನ ಕಾಟವಿಲ್ಲ. ಮಕ್ಕಳು ಓದು, ನೌಕರಿ ಅಂತ ಊರು ಬಿಟ್ಟ ಮೇಲೆ ಭಾನುವಾರ ಖಾಲಿ ಅನ್ನಿಸುವ ಹುಬ್ಬಳ್ಳಿ-ಧಾರವಾಡದ ಗಂಡ-ಹೆಂಡತಿಗೆ ಹಕ್ಕಿ ನೋಡುವುದನ್ನೇ ಮೊದಲು ಹೇಳಬೇಕೆನಿಸುವುದು ಈ ಕಾರಣಕ್ಕೆ.

ದುರ್ಬೀನು, ಅಂದರೆ ಬೈನಾಕ್ಯುಲರ್, ಕೊಳ್ಳುವಾಗ ಅದರ ಮೇಲೆ ಬರೆದ ಎರಡು ಅಂಕಿ ನೋಡಿ. 8×42 ಅಂದರೆ ವಸ್ತು ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜಿನ ಅಡ್ಡಳತೆ 42 ಮಿ.ಮೀ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 5.25. ಕಣ್ಣಿಗೆ ಬಂದು ಬೀಳುವ ಬೆಳಕಿನ ಕಂಬಿಯ ದಪ್ಪ ಅಷ್ಟು ಮಿ.ಮೀ. ಹರೆಯದಲ್ಲಿ ಕತ್ತಲಾದರೆ 7 ಮಿ.ಮೀ.ವರೆಗೂ ಅರಳುವ ಕಣ್ಣಿನ ಪಾಪೆ ಐವತ್ತರ ಹೊತ್ತಿಗೆ ಸುಮಾರು 5ಕ್ಕೆ ನಿಲ್ಲುತ್ತದೆ. ಆದ್ದರಿಂದ ಈ ವಯಸ್ಸಿನವರಿಗೆ 8×42 ಮುಂಜಾವಿನ ಮಬ್ಬಿಗೂ ಸಾಕು. ಅದಕ್ಕಿಂತ ದಪ್ಪ ಕಂಬಿಯ 7×50 ಕೊಂಡರೆ ಹೆಚ್ಚಿನ ಬೆಳಕು ಪಾಪೆಯ ಹೊರಗೇ ಉಳಿಯುತ್ತದೆ, ಹೊರುವ ಭಾರ ಮಾತ್ರ ಹೆಚ್ಚು. ಹತ್ತು ಪಟ್ಟಿನದು ಒಳ್ಳೆಯದು ಎಂದು ಅಂಗಡಿಯವರು ಹೇಳಬಹುದು. ಅದು ಕೈನಡುಕವನ್ನೂ ಹತ್ತು ಪಟ್ಟು ಮಾಡುತ್ತದೆ ಎಂಬುದು ನೆನಪಿರಲಿ. ಕನ್ನಡಕ ಹಾಕಿಕೊಂಡೇ ನೋಡುವವರು ‘ಐ ರಿಲೀಫ್’, ಅಂದರೆ ಪೂರ್ತಿ ನೋಟ ಸಿಗುವಂತೆ ಕಣ್ಣು ಹಿಂದಿನ ಗಾಜಿನಿಂದ ಇರಬಹುದಾದ ದೂರ, 15 ಮಿ.ಮೀ.ಗಿಂತ ಕಡಿಮೆ ಇದ್ದುದನ್ನು ಕೊಳ್ಳಬಾರದು. ಕೊಂಡರೆ ನೋಟದ ಅಂಚೆಲ್ಲ ಕಪ್ಪಾಗಿ, ಕಿಂಡಿಯಲ್ಲಿ ಇಣುಕಿದಂತಾಗುತ್ತದೆ.

ಹೊಸ ದುರ್ಬೀನು ಹೆಚ್ಚಿನ ಮನೆಗಳಲ್ಲಿ ಕಪಾಟು ಸೇರುವುದು ಹೊಂದಿಸಲು ಬಾರದ್ದರಿಂದ. ಮನೆಯ ಮಾಳಿಗೆಯ ಮೇಲೆ ನಿಂತು ಐವತ್ತು-ನೂರು ಮೀಟರ್ ದೂರದ ಬೋರ್ಡು, ಇಲ್ಲವೇ ಕರೆಂಟ್ ಕಂಬದ ಪಿಂಗಾಣಿ ಬಟ್ಟಲುಗಳನ್ನು ಗುರಿ ಮಾಡಿ. ಮೊದಲು ನಡುವಿನ ಕೀಲನ್ನು ಮಡಚುತ್ತ, ಬಿಚ್ಚುತ್ತ ಎರಡು ದುಂಡು ಚಿತ್ರ ಕೂಡಿ ಒಂದಾಗುವಂತೆ ಮಾಡಿ. ಆಮೇಲೆ ಬಲಗಡೆಯ ಮುಂದಿನ ಗಾಜಿಗೆ ಅಂಗೈ ಅಡ್ಡ ಹಿಡಿದು, ಎಡಗಣ್ಣಿಗೆ ಅಕ್ಷರ ಸ್ಪಷ್ಟವಾಗುವವರೆಗೆ ನಡುವಿನ ಗಾಲಿ ತಿರುಗಿಸಿ. ಕಣ್ಣನ್ನೇ ಮುಚ್ಚಬೇಡಿ. ಒಂದು ಕಣ್ಣು ಬಿಗಿಯಾಗಿ ಮುಚ್ಚಿದರೆ ಇನ್ನೊಂದೂ ಕಿರಿದಾಗುತ್ತದೆ, ಅಳತೆ ತಪ್ಪುತ್ತದೆ. ಈಗ ಅಂಗೈಯನ್ನು ಎಡಗಡೆಗೆ ಅಡ್ಡ ಹಿಡಿದು, ನಡುವಿನ ಗಾಲಿಯನ್ನು ಮುಟ್ಟದೆ, ಬಲಗಣ್ಣಿನ ಹತ್ತಿರದ ಸಣ್ಣ ಬಳೆಯನ್ನು ತಿರುಗಿಸಿ ಬಲಗಣ್ಣಿಗೂ ಸ್ಪಷ್ಟ ಮಾಡಿಕೊಳ್ಳಿ. ಇದು ನಿಮ್ಮ ಎರಡು ಕಣ್ಣುಗಳ ನಡುವಿನ ವ್ಯತ್ಯಾಸದ ಅಳತೆ, ಆ ಗುರುತು ನಿಮ್ಮದೇ. ಮುಂದೆ ನಡುವಿನ ಗಾಲಿಯೊಂದನ್ನೇ ತಿರುಗಿಸಿದರೆ ಸಾಕು.

ದುರ್ಬೀನು ಇಬ್ಬರ ಕೈಗೆ ಓಡಾಡುವಾಗ ತಕರಾರು ಹುಟ್ಟುವುದು ಈ ಬಳೆಯಿಂದಲೇ. ಅವರು ತಿರುಗಿಸಿಟ್ಟಿದ್ದು ಇವರಿಗೆ ಮಸುಕು, ಇವರು ಸರಿ ಮಾಡಿದ್ದು ಅವರಿಗೆ ಮಸುಕು. ಇಬ್ಬರೂ ದೂರದ ನೋಟದ ಸರಿಯಾದ ನಂಬರಿನ ಕನ್ನಡಕ ಹಾಕಿಕೊಂಡೇ ನೋಡಿದರೆ ಇದು ಮುಗಿಯುತ್ತದೆ. ಕಣ್ಣುಗಳ ವ್ಯತ್ಯಾಸವನ್ನು ಕನ್ನಡಕವೇ ಸರಿದೂಗಿಸಿರುತ್ತದೆ, ಬಳೆ ಇಬ್ಬರಿಗೂ ಸೊನ್ನೆಯ ಹತ್ತಿರವೇ ನಿಲ್ಲುತ್ತದೆ. ಕಣ್ಣಿನ ಉಬ್ಬು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದೆ ಕನ್ನಡಕಕ್ಕೆ ಸಿಲಿಂಡರ್ ನಂಬರು ಇದ್ದವರಂತೂ ಕನ್ನಡಕ ತೆಗೆಯಲೇಬಾರದು, ಆ ದೋಷವನ್ನು ಯಾವ ದುರ್ಬೀನೂ ತಿದ್ದಲಾರದು. ಬರಿಗಣ್ಣಿನಲ್ಲಿ ನೋಡುವವರಿಗೆ ಕಣ್ಣಿನ ರಬ್ಬರ್ ಬಟ್ಟಲು ಮೇಲೆದ್ದಿರಬೇಕು, ಕನ್ನಡಕದವರಿಗೆ ಪೂರ್ತಿ ಕೆಳಗಿಳಿದಿರಬೇಕು.

ಗದಗದಿಂದ ಸುಮಾರು 26 ಕಿ.ಮೀ. ದೂರದಲ್ಲಿ, ಶಿರಹಟ್ಟಿ ತಾಲ್ಲೂಕಿನಲ್ಲಿ ಮಾಗಡಿ ಕೆರೆ ಇದೆ. 2024ರಲ್ಲಿ ಅದು ಜಗತ್ತಿನ ಮಹತ್ವದ ಜೌಗು-ಕೆರೆಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಚಳಿಗಾಲಕ್ಕೆ ಇಲ್ಲಿ ಪಟ್ಟೆತಲೆ ಹೆಬ್ಬಾತುಗಳು ಇಳಿಯುತ್ತವೆ. ಬೂದು ಮೈ, ಬಿಳಿ ತಲೆ, ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ಲಡಾಖ್, ಟಿಬೆಟ್, ಮಂಗೋಲಿಯಾಗಳಲ್ಲಿ ಮರಿ ಮಾಡುವ ಇವು ಹಿಮಾಲಯ ದಾಟುವವು. ಬೆನ್ನಿಗೆ ಕಟ್ಟಿದ ಉಪಕರಣಗಳಲ್ಲಿ 7,290 ಮೀಟರ್ ಎತ್ತರ ದಾಖಲಾಗಿದೆ. ಇವುಗಳ ರಕ್ತದ ಹಿಮೋಗ್ಲೋಬಿನ್ ಬೇರೆ ಬಾತುಗಳದ್ದಕ್ಕಿಂತ ಗಟ್ಟಿಯಾಗಿ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ಮೇಲಾಗಿ ಹೆಚ್ಚಾಗಿ ರಾತ್ರಿ ಮತ್ತು ಬೆಳಗಿನ ಜಾವ ಹಾರುತ್ತವೆ, ತಂಪು ಗಾಳಿ ದಟ್ಟವಾಗಿರುವುದರಿಂದ ರೆಕ್ಕೆಗೆ ಆಸರೆ ಹೆಚ್ಚು.

ಹಗಲು ಕೆರೆಯಲ್ಲಿ ವಿಶ್ರಾಂತಿ, ಸಂಜೆ-ಮುಂಜಾನೆ ಹೊಲಗಳಲ್ಲಿ ಮೇವು ಎಂಬುದು ಇವುಗಳ ದಿನಚರಿ. ಹೊತ್ತು ಮೂಡುವ ಮೊದಲೇ ಅಲ್ಲಿದ್ದರೆ ಹಿಂಡು ಹಿಂಡಾಗಿ ಬಂದಿಳಿಯುವುದು ಕಾಣುತ್ತದೆ. ಕೆರೆಯ ಪೂರ್ವದ ದಂಡೆಯಲ್ಲಿ ನಿಲ್ಲಿ. ಸೂರ್ಯ ಬೆನ್ನಿಗಿದ್ದರೆ ಪಟ್ಟೆ ಎದ್ದು ಕಾಣುತ್ತದೆ, ಎದುರಿಗಿದ್ದರೆ ಎಲ್ಲ ಹಕ್ಕಿಯೂ ಕರಿ ನೆರಳೇ. ಬಿಸಿಲೇರಿದ ಮೇಲೆ ಕಾದ ನೆಲದಿಂದ ಏಳುವ ಬಿಸಿಗಾಳಿ ಚಿತ್ರವನ್ನೇ ಕುದಿಸುತ್ತದೆ. ಎಷ್ಟು ತುಟ್ಟಿಯ ದುರ್ಬೀನಾದರೂ ಆಗ ಕೆಲಸಕ್ಕೆ ಬಾರದು.

ಒಡ್ಡಿನ ತುದಿಯಲ್ಲಿ ಆಕಾಶಕ್ಕೆ ಎದುರಾಗಿ ನಡೆಯಬೇಡಿ, ಗಿಡದ ಮರೆಯಲ್ಲಿ ಕೂತುಬಿಡಿ. ಹಿಂಡಿನ ಕತ್ತುಗಳನ್ನು ಗಮನಿಸುತ್ತಿರಿ. ಒಂದೆರಡು ಕತ್ತು ನೆಟ್ಟಗಿದ್ದರೆ ಅವು ಪಾಳಿಯ ಕಾವಲುಗಾರರು. ಒಂದೊಂದಾಗಿ ಹಲವು ಕತ್ತುಗಳು ಕೋಲಿನಂತೆ ನಿಂತವೆಂದರೆ ನೀವು ಹತ್ತಿರವಾದಿರಿ, ಅಲ್ಲೇ ನಿಂತು ನಿಧಾನಕ್ಕೆ ಹಿಂದೆ ಸರಿಯಿರಿ. ಹೆದರಿ ಹಾರಿದ ಪ್ರತಿ ಸಲವೂ ಮರುಪ್ರಯಾಣಕ್ಕೆ ಕೂಡಿಟ್ಟ ಕೊಬ್ಬು ಕರಗುತ್ತದೆ. ಫೋಟೋಕ್ಕಾಗಿ ಕಲ್ಲೆಸೆದು ಎಬ್ಬಿಸುವವರನ್ನು ದಯವಿಟ್ಟು ತಡೆಯಿರಿ.

ಒಂದೇ ದುರ್ಬೀನಿದ್ದರೆ ಒಬ್ಬರು ನೋಡಲಿ, ಇನ್ನೊಬ್ಬರು ಬರಿಗಣ್ಣಿನಲ್ಲಿ ಹುಡುಕಲಿ. ದುರ್ಬೀನಿನ ನೋಟ ಏಳೆಂಟು ಡಿಗ್ರಿ ಅಗಲ ಮಾತ್ರ, ಬರಿಗಣ್ಣು ಇಡೀ ಕೆರೆಯನ್ನು ಹಿಡಿಯುತ್ತದೆ. ‘ಅಲ್ಲೇ ಐತಿ ನೋಡ್ರಿ’ ಎಂದರೆ ಯಾರಿಗೂ ಸಿಗದು. ತೋಳು ಪೂರ್ತಿ ಚಾಚಿದಾಗ ಮೂರು ಬೆರಳಿನ ಅಗಲ ಸುಮಾರು 5 ಡಿಗ್ರಿ, ಮುಷ್ಟಿಯ ಅಗಲ ಸುಮಾರು 10. ‘ಆ ಜಾಲಿ ಗಿಡದಿಂದ ಎಡಕ್ಕ ಒಂದು ಮುಷ್ಟಿ, ನೀರಿನ ಅಂಚಿಗೆ’ ಎಂದರೆ ಕೂಡಲೇ ಸಿಗುತ್ತದೆ. ಕಿವಿಯಲ್ಲೂ ಹೀಗೇ ಹಂಚಿಕೆ ಬೇಕಾಗಬಹುದು. ವಯಸ್ಸಾದಂತೆ ಮೊದಲು ಕಳೆಯುವುದು ಕೀಚಲು ಸ್ವರ, ಅದೂ ಸಾಮಾನ್ಯವಾಗಿ ಗಂಡಸರಿಗೆ ಬೇಗ. ಹೆಂಡತಿಗೆ ಕೇಳಿದ ಸಣ್ಣ ಹಕ್ಕಿಯ ಕೂಗು ಗಂಡನಿಗೆ ಕೇಳದಿದ್ದರೆ ಅದು ಅವರ ಅಲಕ್ಷ್ಯವಲ್ಲ.

ಇನ್ನೊಂದು ಭಾನುವಾರ ಗದಗ ಜಿಲ್ಲೆಯದೇ ಕಪ್ಪತಗುಡ್ಡ. ಮಳೆ ಮುಗಿದು ಹುಲ್ಲು ಹಸಿರಿರುವಾಗ ಅದರ ಚೆಲುವೇ ಬೇರೆ. 2019ರಲ್ಲಿ ವನ್ಯಜೀವಿಧಾಮವಾದ, 244 ಚದರ ಕಿ.ಮೀ.ಗಳ ಈ ಗುಡ್ಡಸಾಲಿನಲ್ಲಿ ಚಿರತೆ, ಕತ್ತೆಕಿರುಬ ಇವೆ. ಅರಣ್ಯ ಇಲಾಖೆಯವರನ್ನು ಕೇಳಿ, ಅವರು ಹೇಳಿದ ದಾರಿಯಲ್ಲೇ ಹೋಗಿ. ಔಷಧಿ ಸಸ್ಯಗಳಿಗೆ ಹೆಸರಾದ ಗುಡ್ಡ ಎಂದು ಎಲೆ-ಬೇರು ಕೀಳಬೇಡಿ.

ಏರುವಾಗ ನಿಧಾನದವರು ಮುಂದಿರಲಿ. ಚುರುಕಿನವರು ಮುಂದೆ ಹೋಗಿ ಕಾಯುತ್ತ ಕೂತರೆ ಹಿಂದಿನವರು ಬಂದು ಮುಟ್ಟುವಷ್ಟರಲ್ಲಿ ಅವರ ದಣಿವಾರಿರುತ್ತದೆ, ‘ನಡಿ ಹೋಗೂಣು’ ಎಂದು ಏಳುತ್ತಾರೆ. ಹಿಂದಿನವರಿಗೆ ವಿಶ್ರಾಂತಿಯೇ ಇಲ್ಲ. ಮಾತೇ ಇಲ್ಲಿ ಮೀಟರು. ಪೂರ್ತಿ ವಾಕ್ಯ ಆಡಬಹುದು, ಹಾಡಲಾಗದು ಎಂಬಂತಿದ್ದರೆ ನಡಿಗೆ ಹದವಾಗಿದೆ. ಎರಡೆರಡು ಪದಕ್ಕೆ ಉಸಿರು ಸಿಕ್ಕಿಕೊಂಡರೆ ನಿಧಾನಿಸಿ, ಎದೆ ಹಿಡಿದಂತಾದರೆ ಅಲ್ಲೇ ನಿಂತು ಆಸ್ಪತ್ರೆಯ ದಾರಿ ಹಿಡಿಯಿರಿ. ವಯಸ್ಸಾದಂತೆ ಬಾಯಾರಿಕೆ ತಡವಾಗಿ ತಿಳಿಯುತ್ತದೆ. ಅದಕ್ಕೆ ಕಾಯದೆ ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ನೀರು ಕುಡಿಯಿರಿ, ತಲೆಗೆ ಎರಡು ಲೀಟರ್ ಇರಲಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುವವರು ಕಟಕ ರೊಟ್ಟಿ, ಚಟ್ನಿಪುಡಿಯ ಜೊತೆ ರಕ್ತದ ಸಕ್ಕರೆ ತೀರಾ ಇಳಿದರೆ ತಿನ್ನಲು ಕಿಸೆಯಲ್ಲಿ ಬೆಲ್ಲದ ಚೂರು ಇಟ್ಟುಕೊಳ್ಳಲೇಬೇಕು.

ಕಷ್ಟ ಇರುವುದು ಇಳಿಯುವುದರಲ್ಲಿ. ಬಾವಿಗೆ ಕೊಡ ಬಿಡುವಾಗ ಹಗ್ಗವನ್ನು ಹಿಡಿಹಿಡಿದು ಬಿಡುತ್ತೇವಲ್ಲ, ತೊಡೆಯ ಮುಂಭಾಗದ ಸ್ನಾಯು ಹಾಗೆ ಬಿಗಿದುಕೊಂಡೇ ಉದ್ದವಾಗುತ್ತ ಮೈಭಾರವನ್ನು ಇಳಿಸುತ್ತದೆ. ರೂಢಿಯಿಲ್ಲದ ಸ್ನಾಯುವಿನ ಎಳೆಗಳಲ್ಲಿ ಸಣ್ಣ ಸಣ್ಣ ಸೀಳುಗಳಾಗುತ್ತವೆ, ನೋವು ಮರುದಿನ ಇಲ್ಲವೇ ಮೂರನೆಯ ದಿನ ಹೆಚ್ಚುತ್ತದೆ. ಇದಕ್ಕೆ ಮದ್ದು ಮುಂಚಿತವಾಗಿಯೇ ಇದೆ. ಇಂಥ ಇಳಿತ ಒಮ್ಮೆ ಹದವಾಗಿ ಆದರೂ ಸ್ನಾಯು ಕೆಲವು ವಾರ ಅದನ್ನು ನೆನಪಿಡುತ್ತದೆ, ಮುಂದಿನ ಸಲ ಅಷ್ಟು ನೋಯುವುದಿಲ್ಲ. ಕಪ್ಪತಗುಡ್ಡಕ್ಕೆ ಹೋಗುವ ಎರಡು ವಾರ ಮೊದಲು ಹುಬ್ಬಳ್ಳಿಯ ನೃಪತುಂಗ ಬೆಟ್ಟವನ್ನು ಒಂದೆರಡು ಬೆಳಿಗ್ಗೆ ಹತ್ತಿ, ನಿಧಾನವಾಗಿ ಇಳಿದು ಬನ್ನಿ.

ಇಳಿಯುವಾಗ ಹೆಜ್ಜೆ ಚಿಕ್ಕದಿರಲಿ, ಮೊಣಕಾಲು ತುಸು ಮಡಿಸಿರಲಿ. ಸಡಿಲ ಗರಸಿನ ಮೇಲೆ ಹಿಮ್ಮಡಿ ಊರಿದರೆ ಗೋಲಿಗಳ ಮೇಲೆ ಕಾಲಿಟ್ಟಂತೆ ಜಾರುತ್ತದೆ, ಪೂರ್ತಿ ಪಾದ ಊರಿ. ಕೋಲು ಸಮತಟ್ಟಿನಲ್ಲಿ ಮೊಣಕೈ ಲಂಬಕೋನಕ್ಕೆ ಬರುವಷ್ಟಿದ್ದರೆ ಇಳಿಜಾರಿನಲ್ಲಿ 5ರಿಂದ 10 ಸೆಂ.ಮೀ. ಉದ್ದ ಬೇಕು. ಬಿದಿರಿನ ಕೋಲಾದರೆ ಅಷ್ಟು ಮೇಲೆ ಹಿಡಿದರಾಯಿತು. ಮತ್ತೆ ಚಾಳೀಸಿನ ಮಾತು: ಬೈಫೋಕಲ್, ಪ್ರೋಗ್ರೆಸಿವ್ ಕನ್ನಡಕದ ಕೆಳಭಾಗ ಓದುವುದಕ್ಕೆ ಮಾಡಿದ್ದು. ಅದರಲ್ಲಿ ಕಾಲ ಬಳಿಯ ಕಲ್ಲು ಮಸುಕಾಗಿ, ಇದ್ದುದಕ್ಕಿಂತ ಮೇಲೆಯೋ ಕೆಳಗೋ ಇದ್ದಂತೆ ತೋರುತ್ತದೆ, ಹೆಜ್ಜೆ ತಪ್ಪುತ್ತದೆ. ಗದ್ದವನ್ನು ಎದೆಯ ಕಡೆಗೆ ಬಾಗಿಸಿ ಗಾಜಿನ ಮೇಲ್ಭಾಗದಿಂದ ದಾರಿ ನೋಡಿ. ಬರೀ ದೂರದ ನೋಟದ ಇನ್ನೊಂದು ಕನ್ನಡಕವಿದ್ದರೆ ಗುಡ್ಡಕ್ಕೆ ಅದೇ ಸರಿ.

ಮರುದಿನ ತೊಡೆ ಹಿಡಿದುಕೊಂಡಿದ್ದರೆ ಮಲಗಬೇಡಿ, ಮನೆಯ ಹತ್ತಿರವೇ ಸಪಾಟು ದಾರಿಯಲ್ಲಿ ಅರ್ಧ ಗಂಟೆ ಅಡ್ಡಾಡಿ. ನಾಲ್ಕೈದು ದಿನದಲ್ಲಿ ಹೋಗುತ್ತದೆ. ನೋವು ಮಾಂಸಖಂಡದಲ್ಲಿರದೆ ಮೊಣಕಾಲಿನ ಕೀಲಿನಲ್ಲೇ ಇದ್ದು, ಬಾವು ಬಂದಿದ್ದರೆ ಅಥವಾ ಕಾಲು ಮಡಿಸುವಾಗ ಸಿಕ್ಕಿಕೊಂಡಂತಾದರೆ ಎಲುಬಿನ ಡಾಕ್ಟರಿಗೆ ತೋರಿಸುವವರೆಗೆ ಮುಂದಿನ ಗುಡ್ಡ ಬೇಡ. ಕೆರೆಗೆ ಹೋಗಿ ಕೂರಬಹುದು.