ಲಾವೆ ಮೋಟಾರ್: ಸೆಕೆಂಡಿನ ಮುಳ್ಳನ್ನು ನಡೆಸುವ ಯಂತ್ರ

ಗೋಡೆ ಗಡಿಯಾರದ ಸೆಲ್ ಮುಗಿಯುತ್ತಾ ಬಂದಾಗ ಸೆಕೆಂಡಿನ ಮುಳ್ಳು ಹೆಚ್ಚಾಗಿ 9ರ ಹತ್ತಿರವೇ ಸಿಕ್ಕಿಕೊಳ್ಳುತ್ತದೆ. ಪೂರ್ತಿ ನಿಲ್ಲುವುದೂ ಇಲ್ಲ. ಮೇಲೆ ಹತ್ತಲು ನೋಡುತ್ತದೆ, ಆಗದೆ ವಾಪಸ್ ಬೀಳುತ್ತದೆ. ನೀವೂ ನೋಡಿರುತ್ತೀರಿ, ಅಲ್ವಾ? ಆ ಮುಳ್ಳನ್ನು ತಳ್ಳಲು ಒಳಗೆ ಒದ್ದಾಡುತ್ತಿರುವುದೇ ಲಾವೆ ಮೋಟಾರ್.

ಫ್ರಾನ್ಸಿನ ಎಂಜಿನಿಯರ್ ಮಾರಿಯುಸ್ ಲಾವೆ (1894–1980) 1936ರಲ್ಲಿ ಇದನ್ನು ಕಂಡುಹಿಡಿದರು. ಇದು ಸ್ಟೆಪ್ಪರ್ ಮೋಟಾರ್ ಜಾತಿಯದು. ಫ್ಯಾನಿನ ಮೋಟಾರಿನ ಹಾಗೆ ಗಿರಗಿರ ತಿರುಗುವುದಿಲ್ಲ; ಒಂದು ಹೆಜ್ಜೆ ಇಡುತ್ತದೆ, ನಿಲ್ಲುತ್ತದೆ.

ಒಳಗಿರುವುದು ಮುಖ್ಯವಾಗಿ ಮೂರೇ ಸಾಮಾನು. ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸುರುಳಿ, ಅದಕ್ಕೆ ಅಂಟಿದ ಲೋಹದ ಪಟ್ಟಿ, ಆ ಪಟ್ಟಿಯ ತೂತಿನಲ್ಲಿ ತಿರುಗುವ ಪುಟಾಣಿ ಅಯಸ್ಕಾಂತ. ಸುರುಳಿಗೆ ಕೆಲವೇ ಮಿಲಿಸೆಕೆಂಡ್ ಕರೆಂಟ್ ಹರಿದರೆ ಅಯಸ್ಕಾಂತ ಅರ್ಧ ಸುತ್ತು ಹೊರಳುತ್ತದೆ. ಮುಂದಿನ ಸೆಕೆಂಡಿಗೆ ಕರೆಂಟ್ ಉಲ್ಟಾ ಹರಿಯುತ್ತದೆ, ಉಳಿದರ್ಧ ಸುತ್ತು ಮುಗಿಯುತ್ತದೆ. ಹಲ್ಲಿನ ಚಕ್ರಗಳು ಆ ಅರ್ಧ ಸುತ್ತನ್ನು 30 ಪಟ್ಟು ತಗ್ಗಿಸಿ ಮುಳ್ಳಿಗೆ 6 ಡಿಗ್ರಿ ದಾಟಿಸುತ್ತವೆ. ಅಂದರೆ ಸರಿಯಾಗಿ ಒಂದು ಸೆಕೆಂಡಿನ ಗೆರೆ.

ನನಗೆ ಜಾಸ್ತಿ ಇಷ್ಟವಾಗುವುದು ಆ ತೂತಿನ ಆಕಾರ. ಅದು ಪೂರ್ತಿ ದುಂಡಗಿಲ್ಲ. ಎದುರುಬದುರಾಗಿ ಎರಡು ಸಣ್ಣ ಕಚ್ಚುಗಳಿವೆ. ಅವುಗಳಿಂದಾಗಿ ಅಯಸ್ಕಾಂತ ಸುಮ್ನೆ ಇರುವಾಗ ಸ್ವಲ್ಪ ಓರೆಯಾಗಿ ನಿಲ್ಲುತ್ತದೆ. ಹಾಗೆ ಓರೆ ಇರುವುದಕ್ಕೇ ಪ್ರತಿ ಸಲವೂ ಒಂದೇ ದಿಕ್ಕಿಗೆ ಹೊರಳುತ್ತದೆ. ನಿಂತ ಜಾಗದಲ್ಲಿ ಹಿಡಿದಿಡಲು ಕರೆಂಟೂ ಬೇಡ, ಅಯಸ್ಕಾಂತದ ಸೆಳೆತವೇ ಸಾಕು. ಕೈಗಡಿಯಾರದ ಗುಂಡಿ ಸೆಲ್ ವರ್ಷಗಟ್ಟಲೆ ಬಾಳುವುದಕ್ಕೆ ಇದೂ ಒಂದು ಕಾರಣ.

ಲಾವೆ ಇದನ್ನು ಮಾಡಿದಾಗ ಕ್ವಾರ್ಟ್ಜ್ ಕೈಗಡಿಯಾರ ಇರಲೇ ಇಲ್ಲ. ಮೊದಲನೆಯದು, ಸೀಕೊ ಆಸ್ಟ್ರಾನ್, ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1969ರ ಡಿಸೆಂಬರ್ 25ರಂದು. ಇವತ್ತಿನ ವಾಚುಗಳ ಕ್ವಾರ್ಟ್ಜ್ ಹರಳು ಸಾಮಾನ್ಯವಾಗಿ ಸೆಕೆಂಡಿಗೆ 32,768 ಸಲ ಅದುರುತ್ತದೆ. ಅದನ್ನು 15 ಸಲ ಅರ್ಧ ಮಾಡುತ್ತಾ ಹೋದರೆ ಸೆಕೆಂಡಿಗೆ 1 ಮಿಡಿತ ಉಳಿಯುತ್ತದೆ. ಆ ಒಂದು ಮಿಡಿತವನ್ನು ಮುಳ್ಳಿನ ನಡಿಗೆ ಮಾಡುವವನು ಬೇಕಿತ್ತು. ಲಾವೆ ಮೋಟಾರ್ ಮೊದಲೇ ಸಿದ್ಧವಾಗಿ ಕೂತಿತ್ತು. ಕೀಲಿ ಕೊಡುವ ಹಳೆಯ ಎಚ್‌ಎಂಟಿ ವಾಚಿನಲ್ಲಿ ಸೆಕೆಂಡಿನ ಮುಳ್ಳು ಹರಿದಂತೆ ಸಾಗುತ್ತದೆ. ಕ್ವಾರ್ಟ್ಜ್ ವಾಚಿನಲ್ಲಿ ಸೆಕೆಂಡಿಗೊಮ್ಮೆ ಟಕ್ ಎಂದು ಹಾರುವುದು ಇದರಿಂದಲೇ.

ಇನ್ನು ಆ 9ರ ವಿಷಯ. ಅಲ್ಲಿ ಮುಳ್ಳು ಅಡ್ಡಡ್ಡ ಚಾಚಿರುತ್ತದೆ, ಅದರ ಭಾರ ಎತ್ತುವುದು ಅಲ್ಲೇ ಅತಿ ಕಷ್ಟ. ಸೊರಗಿದ ಸೆಲ್ಲಿನ ತಳ್ಳುವಿಕೆಗೆ ಅಯಸ್ಕಾಂತ ಅರ್ಧ ಸುತ್ತು ದಾಟಲಾರದೆ ಮೊದಲಿನ ಜಾಗಕ್ಕೇ ಮರಳುತ್ತದೆ. ಹೊಸ ಸೆಲ್ ಹಾಕಿ ನೋಡಿ, ಮುಳ್ಳು ಅಲ್ಲಿಂದಲೇ ಹತ್ತಲು ಶುರು ಮಾಡುತ್ತದೆ.