ರಸ್ತೆ, ಆಸ್ಪತ್ರೆ ನೆಟ್ಟಗಿಲ್ಲದ ದೇಶ ಪ್ರವಾಸೋದ್ಯಮವನ್ನು ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಸಕಲೇಶಪುರದ ಹತ್ತಿರ ಹೋಂಸ್ಟೇ ನಡೆಸುತ್ತೇವೆ. ಸೌಕರ್ಯವೇ ಇಲ್ಲದ ಬಡ ದೇಶಗಳೂ ಪ್ರವಾಸಿಗರಿಂದ ಒಳ್ಳೆ ದುಡ್ಡು ಮಾಡುತ್ತವಂತೆ. ಮೊದಲು ರಸ್ತೆ, ವಿಮಾನ ನಿಲ್ದಾಣ ಆಗಬೇಡವೇ?

ಉತ್ತರ: ಆಗಬೇಕು, ಆದರೆ ಅದೇ ಮೊದಲ ಕೆಲಸವಲ್ಲ. ಆಡಳಿತ ಬಿಗಿಯಿಲ್ಲದ ಕಡೆ ಮೊದಲು ನೋಡಬೇಕಾದ್ದು ಟಿಕೆಟ್ ಎಲ್ಲಿ ಹರಿಯುತ್ತಾರೆ, ದುಡ್ಡು ಯಾರ ಖಾತೆಗೆ ಬೀಳುತ್ತದೆ ಎಂಬುದನ್ನು. ಇಡೀ ದೇಶವನ್ನು ನಿಭಾಯಿಸಲಾಗದ ಸರ್ಕಾರವೂ ಒಂದು ಗೇಟನ್ನು ನಿಭಾಯಿಸಬಲ್ಲದು. ಮುಳ್ಳಯ್ಯನಗಿರಿಗೆ ಹೋಗುವ ವಾಹನಗಳಿಗೆ ಆನ್‌ಲೈನ್ ಬುಕಿಂಗ್ ತಂದಿರುವುದರ ಹಿಂದಿರುವುದೂ ಇದೇ ಲೆಕ್ಕ.

1994ರ ನರಮೇಧದಿಂದ ನೆಲಕಚ್ಚಿದ್ದ ಆಫ್ರಿಕಾದ ರುವಾಂಡಾದಲ್ಲಿ ಪ್ರವಾಸೋದ್ಯಮ ಎದ್ದದ್ದು ಹೀಗೆಯೇ. ಅಲ್ಲಿ ಒಂದು ಗೊರಿಲ್ಲಾ ಗುಂಪನ್ನು ನೋಡಲು ದಿನಕ್ಕೆ 8 ಪ್ರವಾಸಿಗರಿಗಷ್ಟೇ ಅವಕಾಶ, ಅದೂ 1 ಗಂಟೆ. 2017ರಲ್ಲಿ ಪರ್ಮಿಟ್ ದರವನ್ನು 750 ಡಾಲರ್‌ನಿಂದ 1,500ಕ್ಕೆ ಏರಿಸಿದರು. 8 ಜನರಿಗೆ ಚತುಷ್ಪಥ ರಸ್ತೆ ಬೇಡ, ಎರಡು ಜೀಪು ಸಾಕು. ಗೈಡ್ ಇಲ್ಲದೆ ಯಾರೂ ಒಳಗೆ ಹೋಗುವಂತಿಲ್ಲವಾದ್ದರಿಂದ ದುಡ್ಡು ಸೋರುವ ದಾರಿಯೂ ಕಡಿಮೆ. ಆದಾಯದಲ್ಲಿ 2005ರಿಂದ ಶೇ 5, 2017ರಿಂದ ಶೇ 10 ಸುತ್ತಲಿನ ಊರುಗಳಿಗೆ ಹೋಗುತ್ತದೆ. ಕಾಡೆಮ್ಮೆ ಹೊಲಕ್ಕಿಳಿದಾಗ ಸಿಟ್ಟು ಯಾರ ಮೇಲೆ ತಿರುಗುತ್ತದೆ ಎಂಬುದನ್ನು ಆನೆ ಕಾಟ ಕಂಡ ಸಕಲೇಶಪುರ, ಆಲೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಸಿಟ್ಟು ಕಾಡಿನ ಮೇಲೆ ತಿರುಗದಿರಲೆಂದೇ ಆ ಶೇ 10.

ಆದರೆ ಬೆಟ್ಟದ ಗೊರಿಲ್ಲಾ ಇರುವುದು ಮೂರೇ ದೇಶಗಳಲ್ಲಿ. ಎಲ್ಲೆಲ್ಲೂ ಸಿಗುವ ಸಮುದ್ರತೀರವನ್ನು ಮಾರುವವರು ಈ ದರ ಕೇಳುವಂತಿಲ್ಲ. ಪಶ್ಚಿಮ ಆಫ್ರಿಕಾದ ಪುಟ್ಟ ದೇಶ ಗ್ಯಾಂಬಿಯಾವನ್ನು ನೋಡಿ. ಊಟ, ಕುಡಿತ ಎಲ್ಲವನ್ನೂ ಸೇರಿಸಿ ಯುರೋಪಿನಲ್ಲೇ ದುಡ್ಡು ಕಟ್ಟಿಸಿಕೊಳ್ಳುವ ಪ್ಯಾಕೇಜುಗಳಿಂದ ಹೋಟೆಲ್ ಕಾಂಪೌಂಡಿನಾಚೆಯ ಹಣ್ಣು ಮಾರುವವರಿಗೆ, ಟ್ಯಾಕ್ಸಿಯವರಿಗೆ ವ್ಯಾಪಾರವಿರಲಿಲ್ಲ. 1999ರಲ್ಲಿ ಸರ್ಕಾರ ಅವನ್ನು ನಿಷೇಧಿಸಿತು, ಮರುವರ್ಷವೇ ನಿಷೇಧ ಹಿಂತೆಗೆಯಿತು. ಪ್ರವಾಸಿಗರನ್ನು ತರುವ ಚಾರ್ಟರ್ ವಿಮಾನಗಳು ವಿದೇಶಿ ಕಂಪನಿಗಳ ಕೈಯಲ್ಲಿದ್ದವು. ವಿಮಾನ ನಿಲ್ದಾಣವೇನೋ ಇತ್ತು, ಚೌಕಾಸಿಗೆ ಬೇಕಾದ ಬಲವಿರಲಿಲ್ಲ.

ರಸ್ತೆಯ ಮಾತಿಗೆ ನೇಪಾಳದ ಅನ್ನಪೂರ್ಣ ಭಾಗವೇ ಸರಿಯಾದ ಉದಾಹರಣೆ. 1986ರಲ್ಲಿ ಶುರುವಾದ ಸಂರಕ್ಷಣಾ ಯೋಜನೆಯಲ್ಲಿ ಚಾರಣಿಗರ ಶುಲ್ಕ ಆ ಪ್ರದೇಶದ ಕೆಲಸಕ್ಕೇ ಬಳಕೆಯಾಗುತ್ತದೆ. ಸೌದೆ ಬದಲು ಸೀಮೆಎಣ್ಣೆ ಬಳಸುವ ನಿಯಮ ಬಂತು, ಊಟದ ದರವನ್ನು ಲಾಡ್ಜ್ ಮಾಲೀಕರ ಸಮಿತಿಗಳೇ ಗೊತ್ತುಮಾಡಿದವು. ಆಮೇಲೆ ಕಣಿವೆಯಲ್ಲಿ ಜೀಪ್ ರಸ್ತೆ ಬಂತು. ಊರವರಿಗೆ ಆಸ್ಪತ್ರೆ ಹತ್ತಿರವಾಯಿತು, ಅದು ಬೇಕಾದದ್ದೇ. ಆದರೆ ನಡೆದು ಬಂದು ರಾತ್ರಿ ತಂಗುತ್ತಿದ್ದವರು ಜೀಪಿನಲ್ಲಿ ದಾಟಿಹೋದರು, ಕೆಳಗಿನ ಊರುಗಳ ಲಾಡ್ಜುಗಳು ಬಿಕೋ ಎಂದವು. ರಸ್ತೆ ಎಲ್ಲಿ ನಿಲ್ಲಬೇಕು, ಕಾಲುದಾರಿ ಎಲ್ಲಿಂದ ಶುರುವಾಗಬೇಕು ಎಂಬುದನ್ನು ಜೆಸಿಬಿ ಬರುವ ಮೊದಲೇ ತೀರ್ಮಾನಿಸಬೇಕು.

ರಸ್ತೆಗಿಂತ ಮೊದಲು ಕೈಕೊಡುವುದು ನೀರು. ಹೋಟೆಲಿನಲ್ಲಿ ತಲೆಗೆ ದಿನಕ್ಕೆ 180 ಲೀಟರ್ ಎಂಬುದು ನಮ್ಮ ದೇಶದ ಕಟ್ಟಡ ಸಂಹಿತೆಯ ಅಂದಾಜು. 20 ಅತಿಥಿಗಳಿಗೆ 3,600 ಲೀಟರ್. ಅದರಲ್ಲಿ ಶೇ 80ರಷ್ಟು, ಅಂದರೆ 2,900 ಲೀಟರಿನ ಹತ್ತಿರ, ಕೊಳಚೆಯಾಗಿ ಹೊರಬರುತ್ತದೆ. ಒಳಚರಂಡಿ ಇಲ್ಲದ ಕಡೆ ಅದು ಇಂಗುಗುಂಡಿಗೆ, ಗುಂಡಿ ಚಿಕ್ಕದಾದರೆ ಕೆಳಗಿನ ಮನೆಯ ಬಾವಿಗೆ. ಹಾಗಾಗಿ ಹಾಸಿಗೆಗಳ ಮಿತಿಯನ್ನು ಏಪ್ರಿಲ್‌ನಲ್ಲಿ ಬಾವಿಯಲ್ಲಿ ಉಳಿಯುವ ನೀರಿನ ಮೇಲೆ ಗೊತ್ತುಮಾಡಬೇಕು, ಜುಲೈನಲ್ಲಿ ಹರಿಯುವ ಹಳ್ಳ ನೋಡಿ ಅಲ್ಲ.